ತಪ್ಪಿ ಬಂದ ‘ಖಂಡಿತ’

ಚಹಾ ಕುಡಿಯುವಾಗ ಅವರ ಬಲಗೈಯಲ್ಲಿ ಲೋಟ, ಎಡಗೈಯಲ್ಲಿ ಮಡಿಸಿದ ಕರವಸ್ತ್ರ. ಮುಖದ ಎಡಭಾಗಕ್ಕೆ ಲಕ್ವ ಹೊಡೆದು ಎಷ್ಟೋ ವರ್ಷಗಳಾಗಿದ್ದವು. ತುಟಿ ಆ ಕಡೆ ಕೆಳಕ್ಕೆ ಜಾರಿತ್ತು. ಪ್ರತಿ ಗುಟುಕಿಗೂ ಒಂದೆರಡು ಹನಿ ಅಲ್ಲಿಂದ ಗದ್ದಕ್ಕೆ ಇಳಿಯುತ್ತಿದ್ದವು. ಹನಿ ಇಳಿಯುವ ಜಾಗದಲ್ಲಿ ಕರವಸ್ತ್ರವನ್ನು ಮೊದಲೇ ಒತ್ತಿಟ್ಟುಕೊಂಡು, ಮಾತನ್ನೂ ನಿಲ್ಲಿಸದೆ ಚಹಾವನ್ನೂ ಬಿಡದೆ ಕೂರುತ್ತಿದ್ದರು. ಎಡಗಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೂ ಕಣ್ಣು ಮುಚ್ಚಿದ್ದರೂ ಆ ಒಂದು ಕಣ್ಣು ಅರ್ಧ ತೆರೆದೇ ಇರುತ್ತಿತ್ತು. ಹಾಗಾಗಿ ನಮ್ಮ ಸಭೆಯ ಮಕ್ಕಳು ಅವರ ಎದುರಿನ ಸಾಲಿನಲ್ಲಿ ಮಾತ್ರ ಗಲಾಟೆ ಮಾಡುತ್ತಿರಲಿಲ್ಲ.

ಅವರನ್ನು ಎಲ್ಲರೂ ‘ಬಾಯಿ’ ಎನ್ನುತ್ತಿದ್ದರು. ಪುಣೆಯಲ್ಲಿ ಶಾಲೆಯಲ್ಲಿ ಕಲಿಸುವ ಹೆಂಗಸಿಗೆ ಬಾಯಿ ಎನ್ನುವುದು ರೂಢಿ. ಅವರು ಮರಾಠಿ ಬಾಲವಾಡಿಯಲ್ಲಿ ಕಲಿಸಿ ನಿವೃತ್ತರಾದವರು. ಕನ್ನಡದ ನಮಗೆ ಬಾಯಿ ಎಂದರೆ ಬಾಯಿಯೇ. ಎರಡೂ ಅರ್ಥದಲ್ಲಿ ಆ ಹೆಸರು ಅವರಿಗೆ ಸಲ್ಲುತ್ತಿತ್ತು. ಯಾಕೆಂದರೆ ನಮ್ಮದು ಸಣ್ಣ ಸಭೆ. ಗದಗ, ಸೊಲ್ಲಾಪುರದ ಕಡೆಯಿಂದ ಬಂದ ಕೆಲವು ಕ್ರೈಸ್ತ ಕುಟುಂಬಗಳು ರವಿವಾರ ಮಧ್ಯಾಹ್ನ ಒಂದು ಮರಾಠಿ ದೇವಾಲಯದ ಹಾಲಿನಲ್ಲಿ ಸೇರುತ್ತೇವೆ. ನಮಗೆ ಕನ್ನಡದ ಅಯ್ಯನವರಿಲ್ಲ, ಅಂದರೆ ಪಾದ್ರಿಗಳಿಲ್ಲ. ಆ ದೇವಾಲಯದ ಮರಾಠಿ ಅಯ್ಯನವರೇ ಬಂದು ಪ್ರಸಂಗ ಹೇಳುತ್ತಾರೆ. ಅವರು ಒಂದು ವಾಕ್ಯ ಹೇಳಿ ನಿಂತರೆ, ಪಕ್ಕದಲ್ಲಿ ನಿಂತ ಬಾಯಿ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಊರಿನಿಂದ ಮಕ್ಕಳ ಮನೆಗೆ ಬಂದ ಮುದುಕಿಯರು, ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯರು, ಅವರಿಗೆಲ್ಲ ದೇವರ ವಾಕ್ಯ ಬರುತ್ತಿದ್ದದ್ದು ಆ ಸೊಟ್ಟ ಬಾಯಿಯಿಂದಲೇ.

ತುಟಿ ಕೂಡದಿದ್ದರೆ ಪ, ಬ, ಮ ಸರಿಯಾಗಿ ಹೊರಡುವುದಿಲ್ಲ. ಗಾಳಿ ಸೋರುತ್ತದೆ. ಬಾಯಿ ‘ಪಾಪ’ ಎಂದರೆ ‘ಫಾಫ’ ಎಂದು ಕೇಳಿಸುತ್ತಿತ್ತು. ಅದಕ್ಕೆ ಅವರದೇ ಒಂದು ಮಾತಿತ್ತು: “ಪಾಪ ನನ್ನ ಬಾಯಾಗ ನಿಂದ್ರೂದುಲ್ಲ. ದೇವರು ಅಷ್ಟು ಉಪಕಾರ ಮಾಡ್ಯಾನ.”

ನಾನು ಬೆಟಗೇರಿಯಿಂದ ಮದುವೆಯಾಗಿ ಬಂದವಳು. ಯಜಮಾನರಿಗೆ ರಾಂಜಣಗಾಂವದ ಕಾರ್ಖಾನೆಯಲ್ಲಿ ಕೆಲಸ; ಬೆಳಕು ಹರಿಯುವ ಮೊದಲೇ ಕಂಪನಿಯ ಬಸ್ಸು ಬರುತ್ತದೆ. ಅಷ್ಟರೊಳಗೆ ಡಬ್ಬಿ ಕಟ್ಟಬೇಕು. ಡಬ್ಬಿಗೆ ಹೋಗುವ ಚಪಾತಿ ದುಂಡಗೇ ಇರಬೇಕು, ಎಲ್ಲೂ ಕಪ್ಪು ಚುಕ್ಕೆ ದಪ್ಪವಾಗಿ ಬಿದ್ದಿರಬಾರದು. ಸೊಟ್ಟಗಾದದ್ದನ್ನು ತೆಗೆದಿಟ್ಟು ಹೊಸದನ್ನು ಲಟ್ಟಿಸುತ್ತೇನೆ. ತೆಗೆದಿಟ್ಟದ್ದನ್ನು ಆಮೇಲೆ ಒಲೆಯ ಮುಂದೆ ನಿಂತುಕೊಂಡೇ ನಾನು ತಿನ್ನುತ್ತೇನೆ. ಡಬ್ಬಿಯೊಳಗೆ ಚಪಾತಿ ಇಟ್ಟೀಯೋ ಹುಣ್ಣಿಮಿ ಚಂದ್ರನ್ನ ಇಟ್ಟೀಯೋ ಎಂದು ಯಜಮಾನರು ನಗುತ್ತಾರೆ. ಅವರಿಗೆ ಅದು ತಮಾಷೆ. ನನಗೆ ಅಲ್ಲ. ನನ್ನ ಅಪ್ಪ ಶಾಲಾ ಮಾಸ್ತರರು. ಒಂದು ಅಕ್ಷರ ತಪ್ಪಿದರೆ ಪುಟವನ್ನೇ ಹರಿದು, ಮೊದಲಿನಿಂದ ಬರೆ ಎನ್ನುತ್ತಿದ್ದರು. ಅಪ್ಪ ತೀರಿಕೊಂಡು ಬಹಳ ಕಾಲವಾಯಿತು. ಹರಿಯುವ ಕೈ ಮಾತ್ರ ನನ್ನೊಳಗೆ ಹಾಗೇ ಉಳಿಯಿತು.

ಮರಾಠಿ ನನಗೆ ಚೆನ್ನಾಗಿ ತಿಳಿಯುತ್ತದೆ. ಆದರೆ ಆಡುವಾಗ ಇಡೀ ವಾಕ್ಯವನ್ನು ತಲೆಯೊಳಗೆ ಕಟ್ಟಿ, ಲಿಂಗ ವಚನ ಎಲ್ಲ ಸರಿ ನೋಡಿ, ಆಮೇಲೆ ಬಾಯಿ ತೆರೆಯುವುದು. ಅಷ್ಟರಲ್ಲಿ ತರಕಾರಿಯವನು ಮುಂದಿನವರಿಗೆ ತೂಗುತ್ತಿರುತ್ತಾನೆ. ಹಾಗಾಗಿ ಬೆರಳು ತೋರಿಸುವುದೇ ಸುಲಭವಾಗಿತ್ತು. ದೇವರ ಮುಂದೆಯೂ ನನ್ನದು ಇದೇ ಗತಿ. ನಮ್ಮಲ್ಲಿ ಸರಪಳಿ ಪ್ರಾರ್ಥನೆ ಎಂದು ಮಾಡುತ್ತಾರೆ. ಎಲ್ಲರೂ ದುಂಡಗೆ ಕೂತು ಕೈ ಕೈ ಹಿಡಿದುಕೊಂಡು ಒಬ್ಬರಾದ ಮೇಲೆ ಒಬ್ಬರು ಬಾಯಿ ಬಿಟ್ಟು ಪ್ರಾರ್ಥಿಸಬೇಕು. ಆಗದವರು ಪಕ್ಕದವರ ಕೈಯನ್ನು ಮೆಲ್ಲಗೆ ಒತ್ತಿದರೆ ಸಾಕು, ಸರದಿ ಮುಂದಕ್ಕೆ ದಾಟುತ್ತದೆ. ಯಾರಿಗೂ ತಿಳಿಯುವುದಿಲ್ಲ. ನಾನು ಸಭೆಗೆ ಬಂದಂದಿನಿಂದ ಒತ್ತುತ್ತಲೇ ಇದ್ದೆ.

ಒಂದು ಸಲ ನನ್ನ ಪಕ್ಕ ಬಾಯಿ ಕೂತರು. ನನ್ನ ಸರದಿ ಬಂತು, ಒತ್ತಿದೆ. ಅವರು ಸುಮ್ಮನಿದ್ದರು. ತಿಳಿಯಲಿಲ್ಲವೇನೋ ಎಂದು ಇನ್ನೊಮ್ಮೆ ಒತ್ತಿದೆ. ಅವರ ಕೈ ಬಿಗಿಯಾಯಿತೇ ಹೊರತು ಅವರು ಪ್ರಾರ್ಥನೆ ಸುರು ಮಾಡಲಿಲ್ಲ. ಇಡೀ ದುಂಡು ಕಾಯುತ್ತಿತ್ತು. ಯಾರೋ ಕೆಮ್ಮಿದರು. ಕೊನೆಗೆ “ಸ್ವಾಮೀ, ಎಲ್ಲಾರನ್ನೂ ಕಾಯಿ” ಎಂದೆ, ಅಷ್ಟೇ. ಮುಗಿದ ಮೇಲೆ ಅವರು ನನ್ನ ಕಿವಿಯ ಹತ್ತಿರ ಬಂದು, ಬಾಲವಾಡಿಯ ಮಕ್ಕಳಿಗೆ ಹೇಳಿದಂತೆ ಹೇಳಿದರು. “ಎಲ್ಲಾ ಬಂತಲ್ಲ ಅದರಾಗ. ಮತ್ತೇನು ಬೇಕಾಗಿತ್ತು ನಿನಗ?”

ಪ್ರಸಂಗದ ಹೊತ್ತಿನಲ್ಲಿ ನನ್ನ ತುಟಿ ಅಲುಗುವುದನ್ನು ಅವರು ವೇದಿಕೆಯಿಂದ ನೋಡಿದ್ದರಂತೆ. ಅಯ್ಯನವರ ಮರಾಠಿ ಮುಗಿಯುತ್ತಿದ್ದಂತೆ ನಾನು ಕೂತಲ್ಲೇ ಅದನ್ನು ಕನ್ನಡಕ್ಕೆ ತಿರುಗಿಸಿಕೊಳ್ಳುತ್ತಿದ್ದೆ. ಅದೊಂದು ಚಟ; ನನಗೇ ಗೊತ್ತಿರಲಿಲ್ಲ. ಬಾಯಿ ಬಂದು, ನನಗಿಂತ ಮೊದಲ ನಿನ್ನ ತುಟಿ ಹೇಳಿ ಮುಗಿಸ್ತಾವ, ಒಂದು ರವಿವಾರ ಎದ್ದು ನಿಂದ್ರು, ನನಗೂ ದಣಿವು ಆಗ್ಯದ ಎಂದರು. ನಾನು ಬೇಡವೆಂದೆ. ಯಜಮಾನರ ಅಣ್ಣ, ನನ್ನ ಭಾವ, ಸಭೆಯ ಹಿರಿಯರಲ್ಲೊಬ್ಬರು. ಅವರೂ ಅಲ್ಲೇ ಇದ್ದರು. ನಮ್ಮ ಮನಿ ಹೆಣ್ಮಕ್ಕಳು ಅಡಿಗಿಮನಿ ಭಾಳ ಛಂದ ನೋಡಕೊಂತಾರ, ಅಷ್ಟ ಸಾಕು ಬಿಡ್ರಿ ಎಂದರು. ಅದು ಹೊಗಳಿಕೆಯೇ ಆಗಿತ್ತು. ಬಾಯಿ ಅವರ ಕಡೆ ಆ ಮುಚ್ಚದ ಕಣ್ಣಿನಿಂದ ನೋಡಿ, ನನ್ನ ಕಡೆ ತಿರುಗಿ, ಮುಂದಿನ ರವಿವಾರ ಎಂದರು.

ವಾರವಿಡೀ ತಯಾರಿ ಮಾಡಿದೆ. ಅಂದಿನ ಬೈಬಲ್ ವಾಚನ ಯಾವುದೆಂದು ಅಯ್ಯನವರಿಂದ ಕೇಳಿ ತಿಳಿದುಕೊಂಡು, ಬರಬಹುದಾದ ಮಾತುಗಳನ್ನೆಲ್ಲ ಪಾತ್ರೆ ತೊಳೆಯುತ್ತ ಒಪ್ಪಿಸಿದೆ. ರವಿವಾರ ನಿಂತೆ. ಮೊದಲ ಕೆಲವು ವಾಕ್ಯಗಳು ನೂಲು ಎಳೆದಂತೆ ಬಂದವು. ನನ್ನ ದನಿ ನನಗೇ ಹೊಸದಾಗಿ ಕೇಳಿತು. ಅಯ್ಯನವರು ಮನೆಯಲ್ಲಿ ಒಡೆದ ಚಹಾದ ಕಪ್ಪು-ಬಸಿಯ ವಿಷಯ ಎತ್ತಿದರು. ನಾವು ಅದನ್ನು ಬಂದವರ ಮುಂದೆ ಇಡುವುದಿಲ್ಲ, ಹಿತ್ತಲಿಗೆ ಹಾಕುತ್ತೇವೆ ಎಂದರು. ಆಮೇಲೆ ಕೈ ಎತ್ತಿ, “ಪಣ ದೇವ ಖಂಡಿತ ಮಾಣಸಾಲಾಚ ಜವಳ ಘೇತೊ” ಎಂದರು.

ಮರಾಠಿಯ ‘ಖಂಡಿತ’ ಎಂದರೆ ಮುರಿದದ್ದು, ಒಡೆದದ್ದು. ಆದರೆ ದೇವರು ಮುರಿದ ಮನುಷ್ಯನನ್ನೇ ಹತ್ತಿರಕ್ಕೆ ತೆಗೆದುಕೊಳ್ಳುತ್ತಾನೆ, ಇದು ಅವರ ಮಾತು. ನಾನು ತಯಾರಿ ಮಾಡಿದ್ದರಲ್ಲಿ ಆ ಶಬ್ದ ಇರಲಿಲ್ಲ. ಕಿವಿಗೆ ಬಿದ್ದದ್ದು ಕನ್ನಡದ ಶಬ್ದವೇ ಆಗಿತ್ತು. ಅದು ಹಾಗೇ ಬಾಯಿಗೆ ಬಂತು.

“ಆದ್ರ ದೇವರು ಖಂಡಿತ ಮನುಷ್ಯನ್ನ ಹತ್ರ ತಗೋತಾನ.”

ಅದು ಅವರ ಪ್ರಸಂಗದ ಪಲ್ಲವಿಯಾಗಿತ್ತು. ಮತ್ತೆ ಮತ್ತೆ ಹೇಳಿದರು. ಪ್ರತಿ ಸಲವೂ ನಾನು ಇನ್ನಷ್ಟು ಗಟ್ಟಿಯಾಗಿ ಖಂಡಿತ, ಖಂಡಿತ ಎಂದೆ. ಹಿಂದಿನ ಸಾಲಿನ ಮುದುಕಿಯೊಬ್ಬಳು ಕಣ್ಣು ಒರೆಸಿಕೊಂಡಳು. ಒಂದಿಬ್ಬರು ಗಂಡಸರು ತಲೆ ತಗ್ಗಿಸಿ ನಗುತ್ತಿದ್ದದ್ದು ಕಂಡಿತು, ಯಾಕೆಂದು ತಿಳಿಯಲಿಲ್ಲ.

ತಿಳಿದದ್ದು ಆರಾಧನೆಯ ನಂತರ, ಚಹಾದ ಹೊತ್ತಿನಲ್ಲಿ. ಭಾವ ಎಲ್ಲರೆದುರಿಗೇ ಹೇಳಿದರು. “ಅಲ್ಲವ್ವಾ, ಅವರು ಮುರದವರು ಅಂತ ಹೇಳಾಕತ್ತಿದ್ರ ನೀ ಖಂಡಿತ ಖಂಡಿತ ಅಂತ ಕೋರ್ಟಿನ್ಯಾಗ ಸಾಕ್ಷಿ ಹೇಳಿಧಂಗ ಹೇಳಿದಿಯಲ್ಲ.” ನಗು ಎದ್ದಿತು. ಆಮೇಲೆ ಯಾರೋ ಬಿಸ್ಕೀಟಿನ ತಟ್ಟೆ ಹಿಡಿದು ಬಂದು, ಖಂಡಿತ ಅತ್ತಿಗಿ, ಖಂಡಿತ ತಗೋರಿ ಎಂದರು. ನಾನು ನಕ್ಕೆ. ಬಿಸ್ಕೀಟನ್ನೂ ತೆಗೆದುಕೊಂಡೆ. ಮನೆಗೆ ಬಂದು ನೋಡಿದರೆ ಅದು ಕೈಯಲ್ಲೇ ಪುಡಿಯಾಗಿತ್ತು.

ಮರುವಾರ ಮೈಗೆ ಹುಷಾರಿಲ್ಲವೆಂದೆ. ಅದರ ಮರುವಾರ ನೆಂಟರೆಂದೆ. ಆಮೇಲೆ ಯಜಮಾನರು ಕೇಳುವುದನ್ನೇ ಬಿಟ್ಟು ಒಬ್ಬರೇ ಹೋಗತೊಡಗಿದರು. ಅವರು ಹೋದ ಮೇಲೆ ನಾನು ತೊಳೆದ ಡಬ್ಬಗಳನ್ನು ಇಳಿಸಿ ಮತ್ತೆ ತೊಳೆಯುತ್ತಿದ್ದೆ. ಬೇರೆ ಯಾವ ತಪ್ಪಾದರೂ ಸರಿ, ದೇವರ ಮಾತಿನಲ್ಲೇ ತಪ್ಪಿದೆನಲ್ಲ ಎಂದು ಅಂದುಕೊಳ್ಳುತ್ತ ಮತ್ತೆ ಉಜ್ಜುತ್ತಿದ್ದೆ. ಪ್ರಾರ್ಥನೆಗೆ ಕೂತರೆ ಪುಟ ಹರಿಯುವ ಸದ್ದು ಕೇಳುತ್ತಿತ್ತು.

ಒಂದು ಮಧ್ಯಾಹ್ನ ಬಾಯಿ ಪುಣೆಯ ಅಂಚಿನ ವಾಕಡದಲ್ಲಿದ್ದ ನಮ್ಮ ಮನೆಗೆ ಬಂದರು. ಎರಡು ಬಸ್ಸು ಬದಲಿಸಿ, ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ. ಮೇಜಿನ ಮೇಲೆ ನಾನು ಹೊಲಿದ ಬಿಳಿಯ ಬಟ್ಟೆ ಇತ್ತು. ಚಹಾ ಕೊಟ್ಟೆ. ಕರವಸ್ತ್ರ ತರುವುದು ಮರೆತಿದ್ದರೇನೋ, ಸೆರಗು ಹಿಡಿಯುವಷ್ಟರಲ್ಲಿ ಹನಿ ಬಟ್ಟೆಯ ಮೇಲೆ ಬಿತ್ತು. ನನ್ನ ಕೈ ತಾನಾಗಿ ಒದ್ದೆ ಅರಿವೆಗೆ ಹೋಯಿತು. ಅವರು ಮುಂಗೈ ಹಿಡಿದರು.

“ಇರಲಿ. ನಾ ಹೋದ ಮ್ಯಾಲೆ ಒಗಿ. ನನ್ನ ಮುಂದ ಒರಸಬ್ಯಾಡ.”

ನನಗೆ ನಾಚಿಕೆಯಾಯಿತು. ಅವರು ಸಮಾಧಾನ ಹೇಳಲಿಲ್ಲ. ತಮ್ಮ ವಿಷಯ ಹೇಳಿದರು. ಲಕ್ವ ಹೊಡೆದಾಗ ಒಂದು ವರ್ಷ ಮನೆಯ ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಿದ್ದರಂತೆ. ಸಭೆಗೆ ಹೋದರೆ ಕೊನೆಯ ಸಾಲು. ಹಿರಿಯರು ಬಂದು ನಯವಾಗಿ, ಬಾಯಿ, ಇನ್ನ ನೀವು ವಿಶ್ರಾಂತಿ ತಗೋರಿ ಎಂದರಂತೆ. ನಿಮ್ಮ ಮುಖ ನೋಡಲಿಕ್ಕೆ ಆಗೂದುಲ್ಲ ಅನ್ನೂದನ್ನ ಅಷ್ಟು ಛಂದ ಹೇಳಿದ್ರು ಎಂದು ಬಾಯಿ ನಕ್ಕರು. ನಗುವೂ ಅರ್ಧವೇ, ಇನ್ನರ್ಧ ಮುಖ ಅದನ್ನು ಸುಮ್ಮನೆ ನೋಡುತ್ತಿತ್ತು.

“ಒಂದಿನ ದೇವರಿಗೆ ಕೇಳಿದೆ, ಈ ಸೊಟ್ಟ ಬಾಯಿ ನಿನಗ ನಡೀತದೇನು ಅಂತ. ಅವ ಏನೂ ಅನ್ನಲಿಲ್ಲ. ಬ್ಯಾಡ ಅಂತನೂ ಅನ್ನಲಿಲ್ಲ. ರವಿವಾರ ಹೋಗಿ ನಿಂತೆ. ದೇವರಿಗೆ ನಡೀತದ್ರಿ, ನಿಮಗ ನಡೀದಿದ್ರ ಕಣ್ಣು ಮುಚ್ಕೊಂಡು ಕೇಳ್ರಿ ಅಂದೆ.”

ನಿಮ್ಮದು ಬಾಯಿ ಸೊಟ್ಟ, ಮಾತು ನೆಟ್ಟಗಿತ್ತು. ನಾನು ಅರ್ಥವನ್ನೇ ಕೆಡಿಸಿದೆ ಎಂದೆ. ಅವರು ಮೇಜಿನ ಮೇಲಿನ ಚಹಾದ ಕಲೆಯನ್ನು ನೋಡಿದರು.

“ನೀ ತಪ್ಪಿದ್ದು ನನಗ ಅಲ್ಲೇ ತಿಳೀತು. ಮುಂದ ಕೂತಿದ್ದೆ. ಕೈಸನ್ನಿ ಮಾಡಬಹುದಾಗಿತ್ತು. ಮಾಡಲಿಲ್ಲ.”

ಯಾಕೆಂದು ಕೇಳಿದೆ. ಬಸ್ಸಿಗೆ ಹೊತ್ತಾಯಿತು ಎಂದು ಚೀಲ ತೆಗೆದುಕೊಂಡು ಎದ್ದರು. ಬಾಗಿಲಲ್ಲಿ ನಿಂತು, ರವಿವಾರ ಬಂದು ಕೂಡು, ನಿಂದ್ರೂದು ಆಮ್ಯಾಲೆ ನೋಡೂಣು ಎಂದರು. ಹೋದೆ. ಮುಂದಿನ ಸಾಲಿನಲ್ಲೇ ಕೂತೆ. ನಿಲ್ಲಲಿಲ್ಲ. ಅವರು ಮತ್ತೆ ಕೇಳಲೂ ಇಲ್ಲ; ಕಂಬಕ್ಕೆ ಒಂದು ಕೈ ಕೊಟ್ಟುಕೊಂಡು ತಾವೇ ಹೇಳುತ್ತಿದ್ದರು. ಆ ಕೈ ದಿನೇ ದಿನೇ ಕಂಬದ ಮೇಲೆ ಹೆಚ್ಚು ಭಾರ ಹಾಕುವುದನ್ನು ನಾನು ನೋಡುತ್ತಿದ್ದೆ. ನೋಡಿಯೂ ಕೂತಿದ್ದೆ.

ಎರಡನೆಯ ಸಲ ಲಕ್ವ ಹೊಡೆದದ್ದು ಬಲಭಾಗಕ್ಕೆ. ಬಚ್ಚಲಿನಲ್ಲಿ ಬಿದ್ದಿದ್ದರು. ಆ ರವಿವಾರ ಸಭೆಯಲ್ಲಿ ಕನ್ನಡಕ್ಕೆ ಹೇಳುವವರು ಇರಲಿಲ್ಲ. ಅಯ್ಯನವರು ಒಂದೊಂದು ವಾಕ್ಯ ಹೇಳಿ ಅಭ್ಯಾಸದಿಂದ ನಿಲ್ಲುತ್ತಿದ್ದರು. ಅಲ್ಲಿ ಏನೂ ಇರುತ್ತಿರಲಿಲ್ಲ. ಮುದುಕಿಯರು ದನಿ ಹೋದ ಟಿ.ವಿ. ನೋಡುವವರಂತೆ ಕೂತಿದ್ದರು. ನನ್ನ ತುಟಿ ಅಲುಗುತ್ತಿತ್ತು. ಕಾಲು ಏಳಲಿಲ್ಲ.

ಬಾಯಿಗೆ ಮಕ್ಕಳಿರಲಿಲ್ಲ. ಸೊಲ್ಲಾಪುರದಿಂದ ತಮ್ಮನ ಮನೆಯವರು ಬಂದು ಹೋಗಿ ಮಾಡುತ್ತಿದ್ದರು. ಹಗಲು ಹೊತ್ತು ನಾನು ಆಸ್ಪತ್ರೆಯಲ್ಲಿರುತ್ತಿದ್ದೆ. ಗಂಜಿ ಕುಡಿಸುವುದು, ಗದ್ದ ಒರೆಸುವುದು. ಒಂದು ದಿನ ನರ್ಸ್ ಬಂದು ಮರಾಠಿಯಲ್ಲಿ ನೋವಿದೆಯೇ ಎಂದು ಕೇಳಿದಳು. ಬಾಯಿ ಅವಳ ಮುಖ ನೋಡಿದರು, ಆಮೇಲೆ ನನ್ನ ಮುಖ. ಅವಳು ಇನ್ನೊಮ್ಮೆ ಕೇಳಿದಳು. ಆಗ ನನಗೆ ಹೊಳೆಯಿತು: ಅವರಿಗೆ ಮರಾಠಿ ಹೋಗಿಬಿಟ್ಟಿತ್ತು. ಎಷ್ಟೋ ಮಕ್ಕಳಿಗೆ ಅ ಆ ಇ ಈ ತಿದ್ದಿಸಿದ ಭಾಷೆ, ಪೂರ್ತಿ ಅಳಿಸಿ ಹೋಗಿತ್ತು. ಕನ್ನಡ ಮಾತ್ರ ಉಳಿದಿತ್ತು, ಅದೂ ಚೂರು ಚೂರು.

“ನೋವು ಅದ ಏನು ಅಂತ ಕೇಳಾಕತ್ತಾರ್ರಿ” ಎಂದೆ. ಅವರು ತಲೆ ಅಲ್ಲಾಡಿಸಿ, ಬೆನ್ನು ಎಂದರು. ನಾನು ನರ್ಸಿಗೆ ಮರಾಠಿಯಲ್ಲಿ ಹೇಳಿದೆ. ಡಾಕ್ಟರು ಕೇಳಿದ್ದು ಅವರಿಗೆ, ಅವರು ಹೇಳಿದ್ದು ಡಾಕ್ಟರಿಗೆ, ದಿನವಿಡೀ ಹೀಗೇ. ವಾಕ್ಯ ಕಟ್ಟಿಕೊಳ್ಳಲು ಪುರುಸೊತ್ತು ಇರುತ್ತಿರಲಿಲ್ಲ. ಒಮ್ಮೆ ಅವಸರದಲ್ಲಿ ಬಾಯಿಯನ್ನು ‘ಅವಳಿಗೆ’ ಎನ್ನುವ ಬದಲು ‘ಅವನಿಗೆ’ ಎಂದುಬಿಟ್ಟೆ; ನರ್ಸ್ ನಕ್ಕು, ಮಗ್ಗುಲು ಬದಲಿಸಿ, ದಿಂಬು ಕೊಟ್ಟು ಹೋದಳು. ನಾನು ಏನು ಅಂದೆ ಎಂಬುದು ನನಗೆ ಹೊಳೆದದ್ದು ಮನೆಗೆ ಹೋಗುವ ಬಸ್ಸಿನಲ್ಲಿ. ಅಷ್ಟರಲ್ಲಿ ದಿಂಬು ಬೆನ್ನಿಗೆ ಸಿಕ್ಕಾಗಿತ್ತು.

ಮರುದಿನ ಮಧ್ಯಾಹ್ನ. ಕಿಟಕಿಯ ಪರದೆ ಎಳೆದಿದ್ದರು. ಬಾಯಿ ನಿದ್ದೆ ಮಾಡುತ್ತಿದ್ದಾರೆಂದು ನಾನು ತಿಳಿದಿದ್ದೆ. ಆ ಒಂದು ಕಣ್ಣು ಯಾವಾಗಲೂ ತೆರೆದಿರುತ್ತಿದ್ದುದರಿಂದ ಹೇಳಲು ಬರುತ್ತಿರಲಿಲ್ಲ. ಅವರ ಕೈ ನನ್ನ ಕೈಯಲ್ಲಿತ್ತು. ತಂಗಿ ಎಂದರು. ಬಾಗಿದೆ. ಒಂದೊಂದೇ ಶಬ್ದ, ನಡುವೆ ಉಸಿರು.

“ಅವತ್ತು... ನೀ ಖಂಡಿತ ಅಂದಿ.”

ಹೌದ್ರಿ, ತಪ್ಪಿ ಅಂದೆ ಎಂದೆ.

“ಗೊತ್ತದ. ನಾನೂ ಭಾಳ ಸಲ ಹೇಳೀನಿ... ಮುರದವರನ್ನ ತಗೋತಾನ ಅಂತ. ಹೇಳೂಮುಂದ ಒಳಗ... ತಗೋತಾನೇನು?... ತಗೋತಾನೇನು? ಅಂತಿತ್ತು.” ಗದ್ದ ಒರೆಸಿದೆ. “ನೀ ಖಂಡಿತ ಅಂದಿ. ಅದಕ್ಕ ಸನ್ನಿ ಮಾಡಲಿಲ್ಲ... ಆ ಮಾತು ಇನ್ನೊಮ್ಮೆ ಕಿವಿಗೆ ಬೀಳಬೇಕಾಗಿತ್ತು.”

ಇಷ್ಟು ವರ್ಷ ನಮಗೆಲ್ಲ ನಂಬಿಕೆಯನ್ನು ಕನ್ನಡಕ್ಕೆ ಮಾಡಿ ಕೊಟ್ಟವರು, ತಮ್ಮ ಪಾಲಿಗೆ ಅದನ್ನು ಅಂಜುತ್ತಲೇ ಹಿಡಿದುಕೊಂಡಿದ್ದರು. ಅವರು ನನ್ನ ಕಡೆ ಮುಖ ತಿರುಗಿಸಲು ನೋಡಿದರು, ಆಗಲಿಲ್ಲ. ಚಾವಣಿಗೆ ಕೇಳಿದಂತೆ ಕೇಳಿದರು.

“ತಪ್ಪಿ ಅಂದದ್ದು ಇರಲಿ. ಹೌದೇನು?”

ನಾನು ವಾಕ್ಯ ಕಟ್ಟಿಕೊಳ್ಳಲು ಹೋದೆ. ಎಲ್ಲ ಪ್ರಸಂಗಗಳು, ಎಲ್ಲ ವಾಚನಗಳು ತಲೆಯಲ್ಲಿ ಬಂದು ನಿಂತವು, ಯಾವುದೂ ಸಾಲದು ಅನ್ನಿಸಿತು. ಇಂಥ ಮಾತಿಗೆ ನಾನು ಯಾರು ಉತ್ತರ ಕೊಡಲು ಎಂದೂ ಅನ್ನಿಸಿತು. ನನ್ನ ಕೈಯಲ್ಲಿದ್ದ ಅವರ ಕೈ ತಣ್ಣಗಿತ್ತು. ಅವರು ಕಾಯುತ್ತಿದ್ದರು, ಅಂದು ದುಂಡಿನಲ್ಲಿ ಕಾದಂತೆ.

“ಖಂಡಿತ ರೀ, ಬಾಯಿ” ಎಂದೆ.

ಈ ಸಲ ಅದು ಕನ್ನಡದ ಶಬ್ದವಾಗಿಯೇ ಬಂತು. ನನಗೆ ಅಷ್ಟು ಗಟ್ಟಿಯಾಗಿ ಗೊತ್ತಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಅಂದ ಮೇಲೆ ಗೊತ್ತಾಯಿತು, ಅಷ್ಟೇ. ಅವರ ತುಟಿಯ ಎರಡು ಕಡೆಯೂ ಈಗ ಒಂದೇ ಸಮ ಜಾರಿದ್ದವು. ನಕ್ಕರೋ ಇಲ್ಲವೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನ ಕೈ ಒತ್ತಿದರು. ಮೆಲ್ಲಗೆ, ಒಂದು ಸಲ.

ಆ ಒತ್ತುವಿಕೆ ನನಗೆ ಗೊತ್ತಿದ್ದದ್ದೇ. ನನ್ನಿಂದ ಆಗೂದುಲ್ಲ, ಸರದಿ ನಿನ್ನದು ಎನ್ನುವಂಥದ್ದು. ನಾನು ಕಣ್ಣು ಮುಚ್ಚದೆ, ದನಿ ಎತ್ತಿ ಪ್ರಾರ್ಥನೆ ಮಾಡಿದೆ. ನನ್ನ ಊರಿನ ‘ಐತಿ’, ಅವರ ‘ಅದ’, ಮರಾಠಿ, ಎಲ್ಲ ಕಲಸಿ ಬಂತು. ನಡುವೆ ಅಳುವೂ ಬಂತು. ಪಕ್ಕದ ಮಂಚದ ಮರಾಠಿ ಅಜ್ಜಿ ಕೈ ಮುಗಿದು ಕೂತಿದ್ದರು. ಏನೇನು ಅಂದೆನೋ ನೆನಪಿಲ್ಲ. ಅದನ್ನು ತಿದ್ದಬೇಕು ಎಂದು ಮಾತ್ರ ಇವತ್ತಿನವರೆಗೂ ಅನ್ನಿಸಿಲ್ಲ.

ಅದಾದ ಮೇಲೆ ಅವರು ಮಾತಾಡಲಿಲ್ಲ. ಆ ವಾರವೇ ಹೋದರು. ಮಣ್ಣಿಗೆ ಸೊಲ್ಲಾಪುರದವರೂ ಬಂದಿದ್ದರು. ಅಯ್ಯನವರು ಮರಾಠಿಯಲ್ಲಿ ಸುರು ಮಾಡಿ, ಒಂದು ವಾಕ್ಯ ಹೇಳಿ, ಅಭ್ಯಾಸದಿಂದ ನಿಂತರು. ನಾನು ಅವರ ಪಕ್ಕಕ್ಕೆ ಹೋಗಿ ನಿಂತೆ. ಯಾರೂ ಹೇಳಿರಲಿಲ್ಲ. ಒಂದೆರಡು ಕಡೆ ತಡವರಿಸಿದೆ, ಒಂದು ವಾಕ್ಯ ಬಿಟ್ಟೇ ಹೋಯಿತು. ಮುಗಿದ ಮೇಲೆ ಭಾವ ಹತ್ತಿರ ಬಂದು, ಪುನರುತ್ಥಾನದ ಕಡೆ ಒಂದು ಮಾತು ಬಿಟ್ಟಿ ನೋಡು ಎಂದರು. ಹೌದ್ರಿ, ಬಿಟ್ಟು ಹೋತು ಎಂದೆ. ಅವರು ಹಿಡಿ ಮಣ್ಣು ನನ್ನ ಕೈಗೆ ಕೊಟ್ಟರು.

ಈಗ ರವಿವಾರಗಳಲ್ಲಿ ನಾನೇ ನಿಲ್ಲುತ್ತೇನೆ. ಚಪಾತಿಯ ಚಟ ಬಿಟ್ಟಿಲ್ಲ. ಇವತ್ತು ಬೆಳಿಗ್ಗೆಯೂ ಒಂದನ್ನು ತೆಗೆದಿಟ್ಟೆ. ಪುಟ ಹರಿಯುವ ಸದ್ದು ಕೆಲವು ಸಲ ಕೇಳುತ್ತದೆ, ಅದರ ಮೇಲೆಯೇ ಮಾತಾಡುತ್ತೇನೆ. ಮೇಜಿನ ಮೇಲಿನ ಬಟ್ಟೆಯನ್ನು ಅವರು ಹೋದ ಮೇಲೆ ಒಗೆದೆ, ಕಲೆ ಪೂರ್ತಿ ಹೋಗಲಿಲ್ಲ. ಅದನ್ನೇ ಹಾಸುತ್ತೇನೆ. ಬಂದವರಿಗೆ ಕಾಣುತ್ತದೆ.

ನನಗೆ ಇನ್ನೂ ಬಗೆಹರಿಯದ್ದು ಒಂದೇ. ಆ ಮಧ್ಯಾಹ್ನ ಅವರು ಕೈ ಒತ್ತಿದ್ದು ನನ್ನ ಉತ್ತರವನ್ನು ಒಪ್ಪಿಯೋ, ಇಲ್ಲ ಅಂಜಿಕೆ ತಾಳದೆ ಸರದಿ ದಾಟಿಸಿದ್ದೋ. ಸಭೆಯಲ್ಲಿ ಪಕ್ಕದವರು ಕೈ ಒತ್ತಿದಾಗಲೆಲ್ಲ ನೆನಪಾಗುತ್ತದೆ. ಯಾವುದಾದರೂ ಇರಲಿ, ಅವರು ಒಮ್ಮೆಯೂ ದಾಟಿಸದಿದ್ದ ಸರದಿ ಅದು. ನನ್ನ ಕೈಗೆ ಬಂದಿದೆ. ಹೇಳುತ್ತಿದ್ದೇನೆ.